ಟಿವಿಯಲ್ಲಿ ಗಲಾಟೆ ನಡೆಯುವಾಗ ಕಾಗದ ಹುಡುಕುವುದು ಹೇಗೆ?

2025ರ ಮಾರ್ಚ್ 21ರಂದು ಟಿವಿ ಹಾಕಿದವರಿಗೆಲ್ಲ ಕಂಡಿದ್ದು ಒಂದೇ ದೃಶ್ಯ. ವಿಧಾನಸಭೆಯಲ್ಲಿ ಸ್ಪೀಕರ್ ಯು.ಟಿ. ಖಾದರ್ ಅವರ ಪೀಠದ ಸುತ್ತ ಬಿಜೆಪಿ ಶಾಸಕರು. ಹರಿದ ಕಾಗದದ ಚೂರುಗಳು ಸ್ಪೀಕರ್ ಮೇಲೆ. ಹನಿಟ್ರ್ಯಾಪ್ ತನಿಖೆ ಆಗಲಿ ಎಂಬ ಕೂಗು. ಕೊನೆಗೆ 18 ಶಾಸಕರು ಆರು ತಿಂಗಳಿಗೆ ಅಮಾನತಾದರು. ಮಾರ್ಷಲ್‌ಗಳು ಅವರನ್ನು ಎತ್ತಿಕೊಂಡು ಹೊರಗೆ ಒಯ್ದರು.

ಅದೇ ದಿನ, ಅದೇ ಸದನದಲ್ಲಿ ಇನ್ನೊಂದು ಕೆಲಸವೂ ಆಯಿತು. ಮಂತ್ರಿಗಳ ಮತ್ತು ಶಾಸಕರ ಸಂಬಳ ಹೆಚ್ಚಿಸುವ ಮಸೂದೆಗಳು ಪಾಸಾದವು. ಶಾಸಕರ ತಿಂಗಳ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಏರಿತು. ಮುಖ್ಯಮಂತ್ರಿಯದು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ. ಭತ್ಯೆಗಳು ಬೇರೆ. ಚರ್ಚೆಯೇ ನಡೆಯಲಿಲ್ಲ.

ಇದಕ್ಕೂ ಮೂರು ವರ್ಷ ಹಿಂದೆ, 2022ರ ಫೆಬ್ರವರಿಯಲ್ಲಿ ಏನಾಗಿತ್ತು ನೋಡಿ. ಆಗ ಸರ್ಕಾರ ಬಿಜೆಪಿಯದು. ರಾಷ್ಟ್ರಧ್ವಜದ ಬಗ್ಗೆ ಕೆ.ಎಸ್. ಈಶ್ವರಪ್ಪ ಆಡಿದ ಮಾತಿಗೆ ಕಾಂಗ್ರೆಸ್‌ನವರು ಸದನದಲ್ಲಿ ಹಗಲು ರಾತ್ರಿ ಧರಣಿ ಕೂತಿದ್ದರು. ಆ ಗದ್ದಲದ ನಡುವೆಯೇ ಸಂಬಳದ ಮಸೂದೆ ಬಂತು. ಶಾಸಕರಿಗೆ 25 ಸಾವಿರ ಇದ್ದದ್ದು 40 ಸಾವಿರ ಆಯಿತು. ಆಗಲೂ ಚರ್ಚೆ ಇರಲಿಲ್ಲ. ಕೂಗಿದವರು ಮತ್ತು ಮಸೂದೆ ತಂದವರು ಜಾಗ ಬದಲಿಸಿಕೊಂಡಿದ್ದರು ಅಷ್ಟೇ.

ಸಂಬಳ ಜಾಸ್ತಿ ಮಾಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಮಾಡಲಿ. ಆದರೆ ನಿಂತು, ಕಾರಣ ಹೇಳಿ, ನಮ್ಮ ಕಣ್ಣೆದುರು ಮಾಡಲಿ. ಈ ಸುದ್ದಿ ಟಿವಿಯಲ್ಲಿ ಬರಲೇ ಇಲ್ಲ ಅಂತಲೂ ಅಲ್ಲ, ಬಂತು. ಆದರೆ ಅಂದು ಜನರ ತಲೆಯಲ್ಲಿ ಉಳಿದಿದ್ದು ಹರಿದ ಕಾಗದ, ಪಾಸಾದ ಕಾಗದ ಅಲ್ಲ. ಕ್ಯಾಮೆರಾ ಗಲಾಟೆಯ ಕಡೆ ತಿರುಗುತ್ತದೆ ಅನ್ನುವುದು ರಾಜಕಾರಣಿಗಳಿಗೂ ಗೊತ್ತು, ಚಾನೆಲ್‌ಗಳಿಗೂ ಗೊತ್ತು. ಗೊತ್ತಿಲ್ಲದೆ ಕೂತಿರುವವರು ನಾವು.

ಹಾಗಾಗಿ ಈ ಮಾರ್ಗದರ್ಶಿ. ಇದಕ್ಕೆ ಪತ್ರಿಕೋದ್ಯಮದ ಓದು ಬೇಕಿಲ್ಲ. ವಾರಕ್ಕೆ ಒಂದು ಸುದ್ದಿ ಆರಿಸಿಕೊಳ್ಳಿ, ಅರ್ಧ ಗಂಟೆ ಕೊಡಿ. ಎಲ್ಲ ಸುದ್ದಿಯ ಬೆನ್ನು ಹತ್ತಿದರೆ ಯಾವುದೂ ಮುಗಿಯುವುದಿಲ್ಲ.

ಹೆಜ್ಜೆ 1: ಮ್ಯೂಟ್ ಒತ್ತಿ ನೋಡಿ

ರಾತ್ರಿ 9ರ ಸುದ್ದಿಯನ್ನು ಐದು ನಿಮಿಷ ಸದ್ದಿಲ್ಲದೆ ನೋಡಿ. ಹಿನ್ನೆಲೆಯ ಢಣ್ ಢಣ್ ಸಂಗೀತ, ನಿರೂಪಕರ ಏರುದನಿ ಎರಡೂ ಹೋದ ಮೇಲೆ ಪರದೆಯ ಮೇಲೆ ಏನು ಉಳಿಯುತ್ತದೆ ಅಂತ ಗಮನಿಸಿ. ಸಾಮಾನ್ಯವಾಗಿ ಉಳಿಯುವುದು ಇಷ್ಟು: ಕಾರಿನಿಂದ ಇಳಿದು ಒಳಗೆ ಹೋಗುವ ನಾಯಕರೊಬ್ಬರ ಕೆಲವೇ ಸೆಕೆಂಡ್‌ಗಳ ದೃಶ್ಯ, ಅದೇ ದೃಶ್ಯ ಮತ್ತೆ ಮತ್ತೆ. ಅವರ ಮುಖದ ಸುತ್ತ ಕೆಂಪು ವೃತ್ತ. ಕೆಳಗೆ ದೊಡ್ಡ ಅಕ್ಷರದಲ್ಲಿ ಒಂದು ಪ್ರಶ್ನೆ. ಮೂಲೆಯಲ್ಲಿ ತೀರಾ ಸಣ್ಣದಾಗಿ ‘ಸಂಗ್ರಹ ಚಿತ್ರ’ ಎಂಬ ಸಾಲು.

ಮೂರು ವಿಷಯ ಗುರುತು ಹಾಕಿಕೊಳ್ಳಿ. ಶೀರ್ಷಿಕೆಯ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಇದೆಯಾ? ಇದ್ದರೆ ಚಾನೆಲ್ ಅದನ್ನು ಖಚಿತ ಅಂತ ಹೇಳುತ್ತಿಲ್ಲ. ಹೇಳಿದ್ದು ಯಾರು ಅಂತ ಹೆಸರಿದೆಯಾ, ಇಲ್ಲ ‘ಮೂಲಗಳು’ ಮಾತ್ರವಾ? ದೃಶ್ಯ ಇವತ್ತಿನದಾ? ಮೂರಕ್ಕೂ ಉತ್ತರ ಸಿಗದಿದ್ದರೆ ಆ ಸುದ್ದಿಯನ್ನು ಒಂದು ದಿನ ಪಕ್ಕಕ್ಕಿಡಿ. ನಿಜವಾದ ಸುದ್ದಿ ಮರುದಿನವೂ ಇರುತ್ತದೆ.

ಸದ್ದಿನ ವಿಷಯ ಸುಮ್ನೆ ಹೇಳುತ್ತಿಲ್ಲ. 2025ರ ಮೇ ತಿಂಗಳಲ್ಲಿ ಭಾರತ–ಪಾಕಿಸ್ತಾನ ಸಂಘರ್ಷದ ವೇಳೆ ಚಾನೆಲ್‌ಗಳು ವಾಯುದಾಳಿಯ ಸೈರನ್ ಸದ್ದನ್ನೇ ಹಿನ್ನೆಲೆಗೆ ಹಾಕಿದ್ದವು. ಗಡಿಯಿಂದ ಸಾವಿರ ಕಿಲೋಮೀಟರಿಗೂ ದೂರದ ನಮ್ಮ ಮನೆಗಳಲ್ಲಿ ಮಕ್ಕಳು, ಮುದುಕರು ಬೆಚ್ಚಿ ಬಿದ್ದರು. ಮೇ 10ರಂದು ನಾಗರಿಕ ರಕ್ಷಣೆಯ ಮಹಾನಿರ್ದೇಶನಾಲಯವೇ ಸೂಚನೆ ಹೊರಡಿಸಿತು: ಜಾಗೃತಿ ಕಾರ್ಯಕ್ರಮ ಬಿಟ್ಟು ಬೇರೆಲ್ಲೂ ಸೈರನ್ ಬಳಸಬೇಡಿ, ಜನ ನಿಜವಾದ ಸೈರನ್ನನ್ನೂ ಹಗುರವಾಗಿ ತೆಗೆದುಕೊಳ್ಳುವ ಹಾಗಾಗುತ್ತದೆ ಅಂತ. ಅದೇ ದಿನಗಳಲ್ಲಿ, ಮೇ 8ರ ರಾತ್ರಿ, ಕರಾಚಿ ಬಂದರು ಧ್ವಂಸವಾಯಿತು ಅಂತ ಹಲವು ರಾಷ್ಟ್ರೀಯ ಚಾನೆಲ್‌ಗಳು ಕೂಗಿದವು. ಸರ್ಕಾರದ ಅಧಿಕೃತ ಬ್ರೀಫಿಂಗ್‌ನಲ್ಲಿ ಅಂಥ ಮಾತೇ ಇರಲಿಲ್ಲ. ಆ ರಾತ್ರಿ ಬ್ರೀಫಿಂಗ್ ಒಂದನ್ನೇ ನೋಡಿ ಮಲಗಿದವರಿಗೆ, ಐದು ಗಂಟೆ ಟಿವಿ ನೋಡಿದವರಿಗಿಂತ ಜಾಸ್ತಿ ಸತ್ಯ ಗೊತ್ತಿತ್ತು.

ಚಾನೆಲ್‌ಗಳು ಹೀಗೇಕೆ ಮಾಡುತ್ತವೆ ಅಂದರೆ, ಟಿಆರ್‌ಪಿ. ಬಾರ್ಕ್ ಎಂಬ ಸಂಸ್ಥೆ ಆಯ್ದ ಮನೆಗಳಲ್ಲಿ ಮೀಟರ್ ಇಟ್ಟು ವೀಕ್ಷಣೆ ಅಳೆಯುತ್ತದೆ. ದೇಶಕ್ಕೆಲ್ಲ ಸೇರಿ 2020ರ ಹೊತ್ತಿಗೆ ಅಂಥ ಮನೆಗಳು ಸುಮಾರು 44 ಸಾವಿರ. ಜಾಹೀರಾತಿನ ದುಡ್ಡು ಇದರ ಮೇಲೆ ನಿಂತಿದೆ. 2020ರ ಅಕ್ಟೋಬರ್‌ನಲ್ಲಿ ಟಿಆರ್‌ಪಿ ತಿರುಚಿದ ಆರೋಪದ ಮೇಲೆ ಮುಂಬೈ ಪೊಲೀಸರು ಕೇಸು ಹಾಕಿದರು. ಬಾರ್ಕ್ ಸುದ್ದಿ ಚಾನೆಲ್‌ಗಳ ರೇಟಿಂಗ್ ಕೊಡುವುದನ್ನೇ ನಿಲ್ಲಿಸಿತು. ಮತ್ತೆ ಶುರುವಾಗಿದ್ದು 2022ರ ಮಾರ್ಚ್‌ನಲ್ಲಿ. ಒಂದೂವರೆ ವರ್ಷ ರೇಟಿಂಗ್ ಇರಲಿಲ್ಲ, ಕೂಗಾಟ ಮಾತ್ರ ನಿಲ್ಲಲಿಲ್ಲ. ಅಷ್ಟು ಹೊತ್ತಿಗೆ ಅದು ಅಭ್ಯಾಸವೇ ಆಗಿಹೋಗಿತ್ತು ಅಂತ ನನಗನ್ನಿಸುತ್ತದೆ.

ಹೆಜ್ಜೆ 2: ಒಂದು ವಾಕ್ಯ ಬರೆದುಕೊಳ್ಳಿ

ಅರ್ಧ ಗಂಟೆಯ ಚರ್ಚೆಯಿಂದ ಪರೀಕ್ಷಿಸಬಹುದಾದ ಒಂದೇ ಒಂದು ವಾಕ್ಯ ಹೊರಗೆ ತೆಗೆಯಿರಿ. ಯಾರು, ಯಾವತ್ತು, ಎಲ್ಲಿ, ಏನು ಹೇಳಿದರು. ‘ಸರ್ಕಾರ ಸಂಪೂರ್ಣ ವಿಫಲ’ ಎಂಬುದನ್ನು ಪರೀಕ್ಷಿಸಲು ಆಗುವುದಿಲ್ಲ. ‘ಪೆಟ್ರೋಲ್ ತೆರಿಗೆ ಏರಿಸಿದ್ದು ರಾಜ್ಯ, ಕೇಂದ್ರ ಅಲ್ಲ’ ಎಂಬುದನ್ನು ಪರೀಕ್ಷಿಸಬಹುದು. ಇಂಥ ವಾಕ್ಯ ಒಂದೂ ಸಿಗಲಿಲ್ಲವಾ? ಹಾಗಾದರೆ ಆ ಕಾರ್ಯಕ್ರಮದಲ್ಲಿ ಸುದ್ದಿ ಇರಲಿಲ್ಲ. ಮುಂದಕ್ಕೆ ಹೋಗಿ.

ಹೆಜ್ಜೆ 3: ಆಚೆ ಬೆಂಚಿನಲ್ಲಿದ್ದಾಗ ಏನು ಹೇಳಿದ್ದರು?

ನನ್ನ ಲೆಕ್ಕದಲ್ಲಿ ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ರಾಜಕಾರಣಿಯ ಇಬ್ಬಂದಿತನ ಒಂದೇ ಭಾಷಣದಲ್ಲಿ ಸಿಗುವುದಿಲ್ಲ. ಎರಡು ಭಾಷಣ ಪಕ್ಕಪಕ್ಕ ಇಟ್ಟಾಗ ಮಾತ್ರ ಕಾಣುತ್ತದೆ. ಒಂದು ಅಧಿಕಾರದಲ್ಲಿದ್ದಾಗಿನದು, ಇನ್ನೊಂದು ವಿರೋಧ ಪಕ್ಷದಲ್ಲಿದ್ದಾಗಿನದು.

ಅದಕ್ಕೆ ಮೊದಲು ಕರ್ನಾಟಕದಲ್ಲಿ ಕುರ್ಚಿ ಬದಲಾದ ದಿನಾಂಕಗಳು ಕೈಯಲ್ಲಿರಲಿ. 2013ರ ಮೇ, ಕಾಂಗ್ರೆಸ್. 2018ರ ಮೇ, ಕಾಂಗ್ರೆಸ್–ಜೆಡಿಎಸ್ ಮೈತ್ರಿ. 2019ರ ಜುಲೈ, ಬಿಜೆಪಿ. 2023ರ ಮೇ, ಮತ್ತೆ ಕಾಂಗ್ರೆಸ್. ಕೇಂದ್ರದಲ್ಲಿ 2014ರ ಮೇ ಒಂದು ನೆನಪಿದ್ದರೆ ಸಾಕು. ಈಗ ನಿಮ್ಮ ವಾಕ್ಯದ ವಿಷಯ, ನಾಯಕರ ಹೆಸರು, ಹಳೆಯ ವರ್ಷ ಮೂರನ್ನೂ ಕನ್ನಡದಲ್ಲೇ ಟೈಪ್ ಮಾಡಿ ಗೂಗಲ್‌ನಲ್ಲಿ ಹುಡುಕಿ. ಹುಡುಕಾಟದ ಸಾಧನಗಳಲ್ಲಿ ದಿನಾಂಕದ ಮಿತಿ ಹಾಕುವ ಜಾಗ ಇದೆ, ಅದನ್ನು ಬಳಸಿ. ಇಲ್ಲದಿದ್ದರೆ ಬರೀ ಇವತ್ತಿನ ಗಲಾಟೆಯೇ ಮೇಲೆ ಬರುತ್ತದೆ.

ಪೆಟ್ರೋಲ್‌ನದ್ದೇ ತೆಗೆದುಕೊಳ್ಳಿ. 2012ರ ಮೇ ತಿಂಗಳಲ್ಲಿ ಯುಪಿಎ ಸರ್ಕಾರ ಇದ್ದಾಗ ಪೆಟ್ರೋಲ್ ಬೆಲೆ ಒಮ್ಮೆಲೇ ಏರಿತು. ಮೇ 31ರಂದು ಬಿಜೆಪಿ ಮತ್ತು ಮಿತ್ರಪಕ್ಷಗಳು ಭಾರತ್ ಬಂದ್ ಮಾಡಿದವು. 2020ರ ಮೇ ತಿಂಗಳಲ್ಲಿ ಕಚ್ಚಾ ತೈಲ ಅಗ್ಗವಾಗಿತ್ತು. ಆಗ ಕೇಂದ್ರದ ಬಿಜೆಪಿ ಸರ್ಕಾರ ಪೆಟ್ರೋಲ್ ಮೇಲೆ ಲೀಟರಿಗೆ 10 ರೂಪಾಯಿ, ಡೀಸೆಲ್ ಮೇಲೆ 13 ರೂಪಾಯಿ ತೆರಿಗೆ ಏರಿಸಿತು. ಅಂದರೆ ಬೆಲೆ ಇಳಿಕೆಯ ಲಾಭ ನಮ್ಮ ತನಕ ಬರಲಿಲ್ಲ. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲ್ ನೂರು ದಾಟಿತು. ರಾಜ್ಯ ಕಾಂಗ್ರೆಸ್ ‘100 ನಾಟೌಟ್’ ಅಂತ ಬಂಕ್‌ಗಳ ಮುಂದೆ ಪ್ರತಿಭಟನೆ ಮಾಡಿತು. ಆಮೇಲೆ 2024ರ ಜೂನ್ 15ರಂದು, ಲೋಕಸಭೆ ಚುನಾವಣೆಯ ಫಲಿತಾಂಶ ಬಂದು ಎರಡು ವಾರವೂ ಆಗಿರಲಿಲ್ಲ, ಅದೇ ಕಾಂಗ್ರೆಸ್‌ನ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿತು. ಪೆಟ್ರೋಲ್, ಡೀಸೆಲ್ ಎರಡೂ ಲೀಟರಿಗೆ ಸುಮಾರು 3 ರೂಪಾಯಿ ಜಾಸ್ತಿಯಾದವು. ಬಿಜೆಪಿ ಬೀದಿಗಿಳಿಯಿತು.

ಈ ನಾಲ್ಕು ದಿನಾಂಕ ಒಂದು ಹಾಳೆಯಲ್ಲಿ ಬರೆದುಕೊಂಡವರನ್ನು ಯಾವ ಪಕ್ಷದ ವಕ್ತಾರರೂ ಸುಲಭಕ್ಕೆ ಮಣಿಸಲಾರರು. ಲೀಟರ್ ಬೆಲೆಯಲ್ಲಿ ಕೇಂದ್ರದ ಅಬಕಾರಿ ಸುಂಕ ಎಷ್ಟು, ರಾಜ್ಯದ ಮಾರಾಟ ತೆರಿಗೆ ಎಷ್ಟು ಎಂಬುದು ಕೇಂದ್ರ ಪೆಟ್ರೋಲಿಯಂ ಸಚಿವಾಲಯದ ಪಿಪಿಎಸಿ ಎಂಬ ಘಟಕದ ವೆಬ್‌ಸೈಟಿನಲ್ಲಿದೆ. ನಿರೂಪಕರೊಬ್ಬರು ಆ ಪಟ್ಟಿಯನ್ನು ಪರದೆಯ ಮೇಲೆ ಹಾಕಿ ಇಬ್ಬರು ವಕ್ತಾರರನ್ನೂ ಕೇಳಿದರೆ ಚರ್ಚೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಹತ್ತು ನಿಮಿಷದಲ್ಲಿ ಮುಗಿಯುವುದು ಯಾರಿಗೂ ಬೇಕಿಲ್ಲ, ಸಮಸ್ಯೆ ಅಲ್ಲೇ ಇದೆ.

ಪಕ್ಷಾಂತರಕ್ಕೂ ಇದೇ ಪರೀಕ್ಷೆ ಹಾಕಿ. 2016ರ ರಾಜ್ಯಸಭೆ ಚುನಾವಣೆಯಲ್ಲಿ ಜೆಡಿಎಸ್‌ನ ಎಂಟು ಶಾಸಕರು ಕಾಂಗ್ರೆಸ್ ಅಭ್ಯರ್ಥಿಗೆ ಮತ ಹಾಕಿದರು. 2018ರ ಚುನಾವಣೆಗೆ ಮೊದಲು ಅವರಲ್ಲಿ ಏಳು ಜನ ಕಾಂಗ್ರೆಸ್ ಸೇರಿದರು. 2019ರಲ್ಲಿ ಮೈತ್ರಿ ಪಕ್ಷಗಳ 17 ಶಾಸಕರು ಕೈಕೊಟ್ಟರು. ಜುಲೈ 23ರಂದು 99–105ರಲ್ಲಿ ಸರ್ಕಾರ ಬಿತ್ತು. ಸ್ಪೀಕರ್ ರಮೇಶ್ ಕುಮಾರ್ 17 ಜನರನ್ನೂ ಅನರ್ಹಗೊಳಿಸಿದರು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿ ಹಿಡಿದರೂ ಉಪಚುನಾವಣೆಗೆ ನಿಲ್ಲಲು ಬಿಟ್ಟಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ 15 ಸ್ಥಾನಗಳ ಪೈಕಿ 12 ಬಿಜೆಪಿಗೆ ಹೋದವು. ಅಷ್ಟು ದಿನ ಟಿವಿಯಲ್ಲಿ ನಾವು ನೋಡಿದ್ದು ಏನು? ಆ ಶಾಸಕರು ಉಳಿದಿದ್ದ ಮುಂಬೈ ಹೋಟೆಲಿನ ಗೇಟು. ಪಕ್ಷಾಂತರ ತಡೆಯುವ, ಸಂವಿಧಾನದ ಹತ್ತನೇ ಅನುಸೂಚಿ ಏನು ಹೇಳುತ್ತದೆ, ರಾಜೀನಾಮೆಗೂ ಅನರ್ಹತೆಗೂ ವ್ಯತ್ಯಾಸ ಏನು ಅಂತ ಹತ್ತು ನಿಮಿಷ ವಿವರಿಸಿದ್ದರೆ ಮತದಾರರಿಗೆ ಎಷ್ಟು ಉಪಕಾರ ಆಗುತ್ತಿತ್ತು!

ಒಂದು ಎಚ್ಚರಿಕೆ. ಹಳೆಯ ಮಾತು ಹುಡುಕುವಾಗ 20 ಸೆಕೆಂಡಿನ ತುಣುಕನ್ನು ನಂಬಬೇಡಿ. ಪೂರ್ತಿ ಭಾಷಣ ಯೂಟ್ಯೂಬ್‌ನಲ್ಲಿ ಇದೆಯಾ ನೋಡಿ. ತುಣುಕಿನ ಹಿಂದಿನ ಎರಡು ನಿಮಿಷ, ಮುಂದಿನ ಎರಡು ನಿಮಿಷ ಕೇಳಿ. ಇನ್ನೊಂದು, ಮನಸ್ಸು ಬದಲಿಸುವುದೇ ತಪ್ಪಲ್ಲ. ‘ಆಗ ಹಾಗೆ ಹೇಳಿದ್ದೆ, ಈಗ ಈ ಕಾರಣಕ್ಕೆ ಬದಲಾಯಿಸಿದ್ದೇನೆ’ ಅಂತ ಒಪ್ಪಿಕೊಂಡವರು ಮರ್ಯಾದಸ್ಥರು. ಹಾಗೆ ಹೇಳಿದ್ದೇ ಇಲ್ಲ ಅನ್ನುವವರನ್ನು ಹಿಡಿಯಿರಿ. ನಿಮಗೆ ಇಷ್ಟವಾದ ಪಕ್ಷಕ್ಕೂ ಇದೇ ಅಳತೆ ಇರಲಿ. ಕಷ್ಟ, ಗೊತ್ತು. ಆದರೆ ಎದುರು ಪಕ್ಷದ್ದನ್ನು ಮಾತ್ರ ಹುಡುಕುವವರು ಪಕ್ಷದ ಐಟಿ ಸೆಲ್‌ಗೆ ಬಿಟ್ಟಿ ಕೆಲಸ ಮಾಡಿಕೊಟ್ಟ ಹಾಗಾಗುತ್ತದೆ.

ಹೆಜ್ಜೆ 4: ಕಾಗದ ಎಲ್ಲಿದೆ?

2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ, ಹೊಸ 2000 ರೂಪಾಯಿ ನೋಟಿನಲ್ಲಿ ನ್ಯಾನೋ ಜಿಪಿಎಸ್ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತದೆ ಅಂತ ಚಾನೆಲ್‌ಗಳು ಗ್ರಾಫಿಕ್ಸ್ ಸಮೇತ ತೋರಿಸಿದವು. ನವೆಂಬರ್ 8ರಂದೇ ರಿಸರ್ವ್ ಬ್ಯಾಂಕ್ ಆ ನೋಟಿನ ಲಕ್ಷಣಗಳ ಪಟ್ಟಿಯನ್ನು ಪ್ರಕಟಿಸಿತ್ತು. ಅದರಲ್ಲಿ ಭದ್ರತಾ ದಾರ ಇತ್ತು, ವಾಟರ್‌ಮಾರ್ಕ್ ಇತ್ತು. ಚಿಪ್ ಇರಲಿಲ್ಲ. ಆ ಒಂದು ಕಾಗದ ಓದಿದ್ದರೆ ಸಾಕಿತ್ತು.

ಹೀಗೆ ಬಹುತೇಕ ಎಲ್ಲ ಸುದ್ದಿಯ ಹಿಂದೆ ಒಂದು ಕಾಗದ ಇರುತ್ತದೆ. ಹೊಸ ಕಾನೂನಿನ ಗಲಾಟೆಯಾದರೆ ಮಸೂದೆಯ ಪ್ರತಿ ವಿಧಾನಸಭೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಕೊನೆಯಲ್ಲಿ ‘ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ’ ಅಂತ ಇರುತ್ತದೆ, ಮೊದಲು ಅದನ್ನು ಓದಿ. ದುಡ್ಡು ಪೋಲಾದ ಆರೋಪವಾದರೆ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ನೋಡಿ. ಪೂರ್ತಿ ಓದಬೇಕಿಲ್ಲ, ಮೊದಲಿಗೇ ಸಾರಾಂಶ ಇರುತ್ತದೆ. ಸಂಸದರ ವಿಷಯವಾದರೆ ಸಂಸತ್ತಿನ ವೆಬ್‌ಸೈಟಿನಲ್ಲಿ ಅವರು ಕೇಳಿದ ಪ್ರಶ್ನೆ, ಮಂತ್ರಿಗಳು ಕೊಟ್ಟ ಉತ್ತರ ಎರಡೂ ಇವೆ.

ಸದನದ ದೃಶ್ಯದ ಬಗ್ಗೆ ಒಂದು ಮಾತು. 2012ರ ಫೆಬ್ರವರಿಯಲ್ಲಿ ಸದನದೊಳಗೇ ಮೊಬೈಲ್‌ನಲ್ಲಿ ಅಶ್ಲೀಲ ವಿಡಿಯೊ ನೋಡಿದ ಪ್ರಕರಣದಲ್ಲಿ ಮೂವರು ಮಂತ್ರಿಗಳು ರಾಜೀನಾಮೆ ಕೊಟ್ಟರಲ್ಲ, ಅದು ಬೆಳಕಿಗೆ ಬಂದಿದ್ದು ಖಾಸಗಿ ಚಾನೆಲ್ ಕ್ಯಾಮೆರಾಗಳಿಂದ. 2019ರ ಅಕ್ಟೋಬರ್‌ನಲ್ಲಿ ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿ ಖಾಸಗಿ ಕ್ಯಾಮೆರಾಗಳನ್ನು ಸದನದಿಂದ ಹೊರಗಿಟ್ಟರು. ದೂರದರ್ಶನದ ದೃಶ್ಯ ತೆಗೆದುಕೊಳ್ಳಿ ಅಂದರು. ಟಿವಿಯವರ ಕೂಗಾಟದ ಮೇಲೆ ಎಷ್ಟೇ ಸಿಟ್ಟಿದ್ದರೂ ಇಲ್ಲಿ ನಾನು ಟಿವಿಯವರ ಪರ. ಕ್ಯಾಮೆರಾ ಎತ್ತ ತಿರುಗಬೇಕು ಅಂತ ಆಳುವವರು ನಿರ್ಧರಿಸುವುದು ಕೂಗಾಟಕ್ಕಿಂತ ಅಪಾಯ.

ಚುನಾವಣೆಯ ಹೊತ್ತಾದರೆ ಅಭ್ಯರ್ಥಿಯ ಅಫಿಡವಿಟ್ (ಪ್ರಮಾಣಪತ್ರ) ನೋಡಿ, ಅಂದರೆ ಫಾರ್ಮ್ 26. ಆಸ್ತಿ, ಸಾಲ, ಓದು, ಕ್ರಿಮಿನಲ್ ಕೇಸು ಎಲ್ಲ ಅದರಲ್ಲಿ ಬರೆಯಲೇಬೇಕು. ಇದು ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳಿಂದ ನಮಗೆ ಸಿಕ್ಕ ಹಕ್ಕು. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಮೂಲ ಪ್ರತಿ ಇದೆ, ಅಭ್ಯರ್ಥಿಗಳ ವಿವರ ಕಲೆಹಾಕುವ ಎಡಿಆರ್ ಸಂಸ್ಥೆಯ ‘ಮೈನೇತಾ’ ವೆಬ್‌ಸೈಟಿನಲ್ಲಿ ಓದಲು ಸುಲಭವಾದ ರೂಪ ಇದೆ. ಒಬ್ಬರೇ ನಾಯಕರ 2013, 2018, 2023ರ ಅಫಿಡವಿಟ್‌ಗಳನ್ನು ಪಕ್ಕಪಕ್ಕ ಇಡಿ. ಆಸ್ತಿಯ ಸಾಲು ಮತ್ತು ಕೇಸಿನ ಸಾಲು, ಎರಡನ್ನೇ ಓದಿ. 2020ರ ಫೆಬ್ರವರಿಯ ತೀರ್ಪಿನ ನಂತರ ಕ್ರಿಮಿನಲ್ ಕೇಸಿರುವವರಿಗೆ ಟಿಕೆಟ್ ಕೊಟ್ಟ ಪಕ್ಷ, ಯಾಕೆ ಕೊಟ್ಟಿತು ಅಂತ ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ‘ರಾಜಕೀಯ ದ್ವೇಷದ ಕೇಸು’ ಅಂತ ಎಲ್ಲರಿಗೂ ಒಂದೇ ಉತ್ತರ ಬರೆದಿದ್ದರೆ ಅದೂ ಒಂದು ಮಾಹಿತಿಯೇ.

ಹೆಜ್ಜೆ 5: ಕಾಗದ ಸಿಗದಿದ್ದರೆ ಕೇಳಿ ತರಿಸಿ

ಆರ್‌ಟಿಐ, ಅಂದರೆ ಮಾಹಿತಿ ಹಕ್ಕು ಕಾಯ್ದೆಯ ಅರ್ಜಿಗೆ ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ಅಂಚೆ ಕಚೇರಿಯ ಪೋಸ್ಟಲ್ ಆರ್ಡರ್ ಸಾಕು, ರಾಜ್ಯ ಸರ್ಕಾರದ ಆನ್‌ಲೈನ್ ಪೋರ್ಟಲ್ ಕೂಡ ಇದೆ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಇದನ್ನು ಮರೆತು ಉದ್ದಕ್ಕೆ ಬರೆದರೆ ಅರ್ಜಿ ವಾಪಸ್ ಬರುತ್ತದೆ.

‘ಯಾಕೆ’ ಅಂತ ಕೇಳಬೇಡಿ. ಅಧಿಕಾರಿ ಕೊಡಬೇಕಾದದ್ದು ಕಡತದಲ್ಲಿ ಇರುವುದನ್ನು, ತನ್ನ ಅಭಿಪ್ರಾಯವನ್ನಲ್ಲ. ‘ಪ್ರತಿ ಕೊಡಿ’ ಅಂತ ಕೇಳಿ. ಜಿಲ್ಲಾಧಿಕಾರಿ ಕಚೇರಿಗೆ ಹೀಗೆ ಬರೆಯಬಹುದು:

‘ನಮ್ಮ ವಿಧಾನಸಭಾ ಕ್ಷೇತ್ರದಲ್ಲಿ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಿಂದ 2024–25ನೇ ಸಾಲಿನಲ್ಲಿ ಮಂಜೂರಾದ ಕಾಮಗಾರಿಗಳ ಪಟ್ಟಿ, ಪ್ರತಿ ಕಾಮಗಾರಿಯ ಸ್ಥಳ ಮತ್ತು ಮೊತ್ತ, ಬಿಡುಗಡೆಯಾದ ಹಣ, ಇಂದಿನವರೆಗಿನ ಪ್ರಗತಿಯ ದಾಖಲೆಯ ಪ್ರತಿಗಳನ್ನು ಒದಗಿಸಿ.’

ಇಷ್ಟೇ. ಶಾಸಕರಿಗೆ ಈ ನಿಧಿಯಡಿ ವರ್ಷಕ್ಕೆ 2 ಕೋಟಿ ರೂಪಾಯಿ ಇದೆ. ನಿಮ್ಮ ಬೀದಿಯ ಚರಂಡಿ ಆ ಪಟ್ಟಿಯಲ್ಲಿ ‘ಪೂರ್ಣಗೊಂಡಿದೆ’ ಅಂತ ಬಂದು, ಹೊರಗೆ ಹೋಗಿ ನೋಡಿದರೆ ಅಗೆದ ಗುಂಡಿ ಮಾತ್ರ ಇದ್ದರೆ, ಯಾವ ಬ್ರೇಕಿಂಗ್ ನ್ಯೂಸಿಗಿಂತಲೂ ಅದು ದೊಡ್ಡ ಸುದ್ದಿ.

ಉತ್ತರಕ್ಕೆ 30 ದಿನ ಕಾಯಿರಿ. ಬರದಿದ್ದರೆ, ಅಥವಾ ಅರ್ಧಂಬರ್ಧ ಬಂದರೆ, 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಆಯೋಗದಲ್ಲಿ ತುಂಬಾ ತಡವಾಗುತ್ತದೆ, ಅದನ್ನು ತಿಳಿದೇ ಹೊರಡಿ. ಮೊದಲ ಮೇಲ್ಮನವಿಯನ್ನು ಮಾತ್ರ ಬಿಡಬೇಡಿ, ಬಹಳ ಕಡತಗಳು ಆ ಹಂತದಲ್ಲೇ ಅಲುಗಾಡುತ್ತವೆ.

ಹೆಜ್ಜೆ 6: ಚಾನೆಲ್ ಮೇಲೆ ದೂರು ಕೊಡಿ

‘ದೂರು ಕೊಟ್ಟರೆ ಏನಾಗುತ್ತದೆ?’ ಅಂತ ಎಲ್ಲರೂ ಕೇಳುತ್ತಾರೆ. ಆಗಿದ್ದನ್ನೇ ಹೇಳುತ್ತೇನೆ. 2020ರಲ್ಲಿ ಕೊರೊನಾ ಶುರುವಾದಾಗ ತಬ್ಲೀಗಿ ಜಮಾತ್ ಹೆಸರಿನಲ್ಲಿ ಒಂದು ಇಡೀ ಸಮುದಾಯವನ್ನೇ ವೈರಸ್ ಹಂಚುವವರು ಎಂಬಂತೆ ತೋರಿಸಿದ ಕಾರ್ಯಕ್ರಮಗಳು ಬಂದವು. ಬೆಂಗಳೂರಿನ ‘ಕ್ಯಾಂಪೇನ್ ಅಗೇನ್‌ಸ್ಟ್ ಹೇಟ್ ಸ್ಪೀಚ್’ ಎಂಬ ನಾಗರಿಕರ ಗುಂಪು ಬರೀ ಬೈಯುತ್ತಾ ಕೂರಲಿಲ್ಲ. ದೂರು ಬರೆಯಿತು. 2021ರ ಜೂನ್‌ನಲ್ಲಿ ಸುದ್ದಿ ಚಾನೆಲ್‌ಗಳ ಸ್ವನಿಯಂತ್ರಣ ಸಂಸ್ಥೆಯಾದ ಎನ್‌ಬಿಎಸ್‌ಎಯ (ಈಗಿನ ಎನ್‌ಬಿಡಿಎಸ್‌ಎ) ಆದೇಶ ಬಂತು. ನ್ಯೂಸ್18 ಕನ್ನಡಕ್ಕೆ 1 ಲಕ್ಷ ರೂಪಾಯಿ, ಸುವರ್ಣ ನ್ಯೂಸ್‌ಗೆ 50 ಸಾವಿರ ದಂಡ. ಟೈಮ್ಸ್ ನೌಗೆ ಛೀಮಾರಿ. ನ್ಯೂಸ್18 ಕನ್ನಡ ತನ್ನ ಪರದೆಯಲ್ಲೇ ಕ್ಷಮೆ ಕೇಳಬೇಕು ಅಂತಲೂ ಆ ಸಂಸ್ಥೆ ಹೇಳಿತು.

ಆ ದಂಡ ಚಾನೆಲ್‌ಗೆ ಯಾವ ಲೆಕ್ಕ, ಅಲ್ವಾ? ಸುಪ್ರೀಂ ಕೋರ್ಟ್ ಕೂಡ 2023ರ ಆಗಸ್ಟ್‌ನಲ್ಲಿ ಇದನ್ನೇ ಪ್ರಶ್ನಿಸಿತು. ಆದೇಶ ಬರಲು ಒಂದು ವರ್ಷಕ್ಕೂ ಜಾಸ್ತಿ ಹಿಡಿಯಿತು ಎಂಬುದೂ ನಿಜ. ಆದರೆ ‘ಇದು ತಪ್ಪು’ ಅಂತ ಅವರದೇ ಕ್ಷೇತ್ರದ ಸಂಸ್ಥೆ ಬರೆದುಕೊಟ್ಟ ಕಾಗದ ಈಗ ಶಾಶ್ವತವಾಗಿ ಇದೆ. ಮುಂದಿನ ದೂರುದಾರರು ಅದನ್ನು ತೋರಿಸಬಹುದು.

ದೂರು ಹೀಗಿರಲಿ. ಚಾನೆಲ್ ಹೆಸರು, ಕಾರ್ಯಕ್ರಮದ ಹೆಸರು, ದಿನಾಂಕ, ಸಮಯ. ಯೂಟ್ಯೂಬ್‌ನಲ್ಲಿದ್ದರೆ ಲಿಂಕ್, ಜೊತೆಗೆ ಎಷ್ಟನೇ ನಿಮಿಷ ಅಂತ. ವಿಡಿಯೊ ಅಳಿಸಿಹೋಗುವ ಮೊದಲು ಫೋನಿನಲ್ಲಿ ಸ್ಕ್ರೀನ್ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಆಮೇಲೆ ಪರದೆ ಮೇಲಿದ್ದ ವಾಕ್ಯವನ್ನು ಹಾಗೆಯೇ ಬರೆಯಿರಿ. ನಂತರ ಯಾವ ನಿಯಮ ಮುರಿದಿದೆ ಅಂತ ಹೇಳಿ.

ಈ ಕೊನೆಯ ಭಾಗಕ್ಕೆ ಹೆದರಬೇಡಿ. ಕೇಬಲ್ ಟೆಲಿವಿಷನ್ ನೆಟ್‌ವರ್ಕ್ ನಿಯಮಗಳು 1994, ನಿಯಮ 6. ಇದೊಂದು ಗೊತ್ತಿದ್ದರೆ ಸಾಕು. ಧರ್ಮ ಅಥವಾ ಸಮುದಾಯದ ಮೇಲಿನ ದಾಳಿ, ಉದ್ದೇಶಪೂರ್ವಕ ಸುಳ್ಳು, ಸೂಚ್ಯವಾಗಿ ಹೊರಿಸುವ ಆರೋಪ, ಅರ್ಧಸತ್ಯ, ಹಿಂಸೆಗೆ ಪ್ರಚೋದನೆ ಎಲ್ಲವೂ ಅಲ್ಲಿ ನಿಷಿದ್ಧ. ಹೌದು, ಅರ್ಧಸತ್ಯ ಕೂಡ. ಮೂಢನಂಬಿಕೆಗೆ ಕುಮ್ಮಕ್ಕು ಕೊಡುವುದೂ ಇದೇ ನಿಯಮದ ‘ಜೆ’ ಉಪವಿಭಾಗದಲ್ಲಿ ನಿಷಿದ್ಧ. ಗ್ರಹಣದ ದಿನ ಬೆಳಗ್ಗೆಯಿಂದ ಸಂಜೆವರೆಗೆ ಯಾವ ರಾಶಿಗೆ ಸಾವು, ಯಾವ ರಾಶಿಗೆ ನಷ್ಟ ಅಂತ ಹೆದರಿಸುವ ಕಾರ್ಯಕ್ರಮಗಳನ್ನು ನಾವು ಮಾಮೂಲು ಅಂದುಕೊಂಡುಬಿಟ್ಟಿದ್ದೇವೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿಟ್ಟಿದ್ದರು, ಗುಣವಾಗುತ್ತದೆ ಅಂತ. ಆ ನಂಬಿಕೆ ಟಿವಿಯಿಂದಲೇ ಬಂತು ಅಂತ ನಾನು ಹೇಳಲಾರೆ. ಆದರೆ ಇಂಥ ನಂಬಿಕೆ ಇರುವ ನಾಡಿನಲ್ಲಿ ಗ್ರಹಣದ ಹೆದರಿಕೆ ಮಾರುವವರನ್ನು ಸುಮ್ಮನೆ ಬಿಡುವುದು ನನ್ನಿಂದಾಗದು.

ದೂರನ್ನು ಮೊದಲು ಚಾನೆಲ್‌ಗೇ ಕಳಿಸಬೇಕು, ಪ್ರಸಾರವಾದ ಏಳು ದಿನದೊಳಗೆ. ದೂರು ಅಧಿಕಾರಿಯ ವಿಳಾಸ ಚಾನೆಲ್ ವೆಬ್‌ಸೈಟಿನ ಕೊನೆಯಲ್ಲಿ ಇರುತ್ತದೆ. 2021ರ ಕೇಬಲ್ ನಿಯಮದ ಪ್ರಕಾರ 24 ಗಂಟೆಯಲ್ಲಿ ದೂರು ತಲುಪಿದೆ ಅಂತ ತಿಳಿಸಬೇಕು, 15 ದಿನದಲ್ಲಿ ಉತ್ತರ ಕೊಡಬೇಕು. ಉತ್ತರ ಬರದಿದ್ದರೆ, ಅಥವಾ ಸಮಾಧಾನ ಆಗದಿದ್ದರೆ, ಎರಡು ವಾರ ದಾಟುವ ಮೊದಲೇ ಚಾನೆಲ್ ಸೇರಿರುವ ಸ್ವನಿಯಂತ್ರಣ ಸಂಸ್ಥೆಗೆ ಹೋಗಿ. ದೊಡ್ಡ ಚಾನೆಲ್‌ಗಳಲ್ಲಿ ಹಲವು ಎನ್‌ಬಿಡಿಎಸ್‌ಎ ವ್ಯಾಪ್ತಿಯಲ್ಲಿವೆ, ಸದಸ್ಯರ ಪಟ್ಟಿ ಅದರ ವೆಬ್‌ಸೈಟಿನಲ್ಲಿದೆ. ಅದರ ಮೇಲೆ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯ. ಪ್ರಸಾರದ ದಾಖಲೆಯನ್ನು ಚಾನೆಲ್ 90 ದಿನ ಇಟ್ಟುಕೊಳ್ಳಬೇಕು ಎಂಬ ನಿಯಮವಿದೆ. ಹಾಗಾಗಿ ‘ನಮ್ಮ ಬಳಿ ಇಲ್ಲ’ ಅಂದರೆ ಒಪ್ಪಬೇಡಿ.

ಪತ್ರಿಕೆಯ ಮೇಲಿನ ದೂರು ಬೇರೆ ದಾರಿ. ಮೊದಲು ಸಂಪಾದಕರಿಗೆ ಪತ್ರ, ಆಮೇಲೆ ದೆಹಲಿಯ ಭಾರತೀಯ ಪತ್ರಿಕಾ ಮಂಡಳಿ. ದಿನಪತ್ರಿಕೆಯಾದರೆ ಎರಡು ತಿಂಗಳ ಗಡುವು. ಮಂಡಳಿ ದಂಡ ಹಾಕುವಂತಿಲ್ಲ, ಛೀಮಾರಿ ಹಾಕಬಹುದು.

ದೂರಿನಲ್ಲಿ ಬೈಗುಳ ಬೇಡ. ‘ಮಾರಿಕೊಂಡ ಮಾಧ್ಯಮ’ ಅಂತ ಬರೆದ ಕೂಡಲೇ ಓದುವವರಿಗೆ ಅದನ್ನು ಪಕ್ಕಕ್ಕಿಡಲು ನೆಪ ಸಿಗುತ್ತದೆ. ನಿರೂಪಕರ ಮನೆ, ಕುಟುಂಬದ ಸುದ್ದಿಗೆ ಹೋಗಲೇಬೇಡಿ. ಪರದೆಯ ಮೇಲೆ ಬಂದದ್ದಕ್ಕೆ ಮಾತ್ರ ಅಂಟಿಕೊಳ್ಳಿ.

ಹೆಜ್ಜೆ 7: ಮನೆಯ ಗ್ರೂಪಿನಲ್ಲಿ

ಅಷ್ಟೆಲ್ಲ ಹುಡುಕಿದ ಮೇಲೆ ವಾಟ್ಸಾಪ್ ಗ್ರೂಪಿನಲ್ಲಿ ದೊಡ್ಡಪ್ಪನ ಮೇಲೆ ಮುಗಿಬೀಳಬೇಡಿ. ‘ಸುಳ್ಳು ಹರಡುತ್ತಿದ್ದೀರಿ’ ಅಂದರೆ ಅವರು ಆ ಸುಳ್ಳನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಖಾಸಗಿಯಾಗಿ ಮೂಲ ಕಾಗದದ ಫೋಟೊ ಕಳಿಸಿ, ಸಂಬಂಧಪಟ್ಟ ಸಾಲಿಗೆ ಗೆರೆ ಹಾಕಿ. ಅಮೆರಿಕ, ದುಬೈನಲ್ಲಿರುವ ನೆಂಟರು ಊರಿನ ಸುದ್ದಿಗೆ ಯೂಟ್ಯೂಬ್ ಲೈವ್ ಒಂದನ್ನೇ ನಂಬಿರುತ್ತಾರೆ. ಅವರಿಗೆ ಊರಿನ ವಾಸ್ತವ ಹೇಳುವ ಫೋನ್ ಕರೆ ಎಲ್ಲಕ್ಕಿಂತ ಒಳ್ಳೆಯ ಫ್ಯಾಕ್ಟ್ ಚೆಕ್.

ಸಿಕ್ಕಿದ್ದನ್ನು ಎಲ್ಲಿಗೆ ಒಯ್ಯಬೇಕು?

ಆರ್‌ಟಿಐ ಉತ್ತರವೋ, ಎರಡು ಅಫಿಡವಿಟ್‌ಗಳ ವ್ಯತ್ಯಾಸವೋ ಕೈಗೆ ಬಂದರೆ ಅದನ್ನು ಫೇಸ್‌ಬುಕ್‌ಗೆ ಹಾಕಿ ಮರೆಯಬೇಡಿ. ಗ್ರಾಮಸಭೆ ವರ್ಷಕ್ಕೆ ಕನಿಷ್ಠ ಎರಡು ಬಾರಿ ನಡೆಯಲೇಬೇಕು. ಅಲ್ಲಿ ಕಾಗದ ಕೈಯಲ್ಲಿ ಹಿಡಿದು ಕೇಳಿ, ನಿಮ್ಮ ಪ್ರಶ್ನೆ ನಡಾವಳಿ ಪುಸ್ತಕದಲ್ಲಿ ದಾಖಲಾಯಿತಾ ನೋಡಿಕೊಳ್ಳಿ. ನಿಮ್ಮ ತಾಲ್ಲೂಕಿನ ವರದಿಗಾರರಿಗೆ ಒಂದು ಪ್ರತಿ ಕೊಡಿ. ಸ್ಟುಡಿಯೊದ ಕೂಗಾಟಕ್ಕೂ ಇವರಿಗೂ ಸಂಬಂಧವಿಲ್ಲ. ಕಡಿಮೆ ಸಂಬಳಕ್ಕೆ ಬೈಕಿನಲ್ಲಿ ಊರೂರು ಸುತ್ತುವ ಇವರಲ್ಲಿ ಅನೇಕರಿಗೆ ಇಂಥ ಒಂದು ಕಾಗದವೇ ಬೇಕಾಗಿರುತ್ತದೆ.

ದಿನಪತ್ರಿಕೆಯ ಓದುಗರ ಪತ್ರಗಳ ಅಂಕಣಕ್ಕೂ ಬರೆಯಿರಿ. 150 ಪದ ಮೀರದಿರಲಿ. ಮೊದಲ ಸಾಲಿನಲ್ಲೇ ನಾಯಕರ ಹಳೆಯ ಮಾತು ದಿನಾಂಕದ ಜೊತೆ, ಎರಡನೇ ಸಾಲಿನಲ್ಲಿ ಈಗಿನದು. ದಾಖಲೆಯ ಪ್ರತಿ ಲಗತ್ತಿಸಿ, ನಿಮ್ಮ ಹೆಸರು, ಊರು, ಫೋನ್ ನಂಬರ್ ಹಾಕಿ. ವಾರ ಕಳೆದರೂ ಅಚ್ಚಾಗದಿದ್ದರೆ ಇನ್ನೊಂದು ಪತ್ರಿಕೆಗೆ ಕಳಿಸಿ.